ಹಳೆಯ ವಿಂಡೋಸಿಗೆ ನಮ್ಮನ್ನು ಕಟ್ಟಿಹಾಕಿರುವುದು

ಮಾನ್ಯ ಸಂಪಾದಕರಿಗೆ,

ಜಮಖಂಡಿಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಡಿಟಿಪಿ ಮತ್ತು ಝೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದೇನೆ. ಲಗ್ನಪತ್ರಿಕೆ, ಜಾತ್ರೆಯ ಹ್ಯಾಂಡ್‌ಬಿಲ್, ಸಹಕಾರಿ ಸಂಘಗಳ ವಾರ್ಷಿಕ ವರದಿ, ವಿದ್ಯಾರ್ಥಿಗಳ ಪ್ರಾಜೆಕ್ಟ್ ಇವು ನನ್ನ ಕಸುಬು. ಲ್ಯಾಪ್‌ಟಾಪ್ ರಿಪೇರಿ ನನ್ನ ಕಸುಬಲ್ಲ. ಆದರೂ ಈಚೆಗೆ ಪ್ರಿಂಟ್ ತೆಗೆಸಲು ಬಂದವರು ಪೆನ್‌ಡ್ರೈವ್ ಕೈಗಿಡುತ್ತಲೇ ಕೇಳುವುದು ಒಂದೇ ಮಾತು: “ವಿಂಡೋಸ್ ಹೊಸಾದು ಹಾಕಸೂದೋ, ಹಳೇದ ಇರ್ಲೋ?” ಇದಕ್ಕೆ ಊರಿನಲ್ಲಿ ಸಿಗುತ್ತಿರುವ ಉತ್ತರಗಳು ಎರಡೇ. ಒಂದು, ಲ್ಯಾಪ್‌ಟಾಪನ್ನೇ ಬದಲಿಸಿ ಎನ್ನುವುದು. ಇನ್ನೊಂದು, ಐದು ನೂರು ರೂಪಾಯಿ ಕೊಡಿ, ಸಂಜೆಯೊಳಗೆ ವಿಂಡೋಸ್ 11 ಹಾಕಿಕೊಡುತ್ತೇವೆ ಎನ್ನುವುದು. ಎರಡೂ ಉತ್ತರಗಳು ಕೇಳಿದವರ ಕೆಲಸವೇನು ಎಂಬುದನ್ನು ವಿಚಾರಿಸದೆ ಕೊಡುವಂಥವು. ಆದ್ದರಿಂದ ನಾನು ಕಂಡದ್ದನ್ನು ನಿಮ್ಮ ಓದುಗರ ಮುಂದೆ ಇಡಬೇಕೆನಿಸಿ ಈ ಪತ್ರ ಬರೆಯುತ್ತಿದ್ದೇನೆ.

ಬನಹಟ್ಟಿಯ ನೇಕಾರರೊಬ್ಬರು ಬಿ.ಕಾಂ. ಓದುತ್ತಿರುವ ಮಗಳನ್ನು ಕರೆದುಕೊಂಡು ಅಂಗಡಿಗೆ ಬಂದಿದ್ದರು. ಆಕೆಯ ಲ್ಯಾಪ್‌ಟಾಪ್ ಆರು ವರ್ಷದ ಹಿಂದೆ ಸೆಕೆಂಡ್‌ಹ್ಯಾಂಡ್ ಕೊಂಡದ್ದು. ಒಂದು ಅಂಗಡಿಯವರು ಇದಕ್ಕೆ ವಿಂಡೋಸ್ 11 ಬರುವುದಿಲ್ಲ, ವಿಂಡೋಸ್ 10 ಸತ್ತುಹೋಯಿತು, ಹೊಸದು ಕೊಳ್ಳಿ ಎಂದು ಹೇಳಿ ಕಳಿಸಿದ್ದರಂತೆ. “ಅಣ್ಣಾರ, ನಿನ್ನೆತನಕ ಚೊಲೋ ನಡದಿತ್ತು, ಒಮ್ಮಿಂದೊಮ್ಮೆಲೆ ಹೆಂಗ ಸತ್ತೀತು?” ಎಂದು ತಂದೆ ಕೇಳಿದ ಪ್ರಶ್ನೆ ಬಹಳ ಸರಿಯಾದ ಪ್ರಶ್ನೆ. ಅದಕ್ಕೆ ಉತ್ತರಿಸಲು ಸತ್ತುಹೋಗುವುದು ಎಂದರೇನು ಎಂಬುದನ್ನೇ ಮೊದಲು ಬಿಡಿಸಿ ಹೇಳಬೇಕಾಯಿತು.

2015ರ ಜುಲೈ 29ರಂದು ಬಂದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕಂಪನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅದರರ್ಥ ಅಕ್ಟೋಬರ್ 15ರಂದು ಲ್ಯಾಪ್‌ಟಾಪ್ ಚಾಲೂ ಆಗುವುದಿಲ್ಲ ಎಂದಲ್ಲ. ವರ್ಡ್ ತೆರೆಯುತ್ತದೆ, ಪ್ರಿಂಟ್ ಬರುತ್ತದೆ, ಇಂಟರ್ನೆಟ್ ನಡೆಯುತ್ತದೆ. ನಿಂತದ್ದು ಪ್ರತಿ ತಿಂಗಳು ಬರುತ್ತಿದ್ದ ಭದ್ರತಾ ಅಪ್‌ಡೇಟ್. ವ್ಯವಸ್ಥೆಯಲ್ಲಿ ಯಾವುದಾದರೂ ಕಿಂಡಿ ಇದೆಯೆಂದು ಮುಂದೆ ಪತ್ತೆಯಾದರೆ, ಹನ್ನೊಂದರಲ್ಲಿ ಅದನ್ನು ಮುಚ್ಚುತ್ತಾರೆ. ಹತ್ತರಲ್ಲಿ ಅದು ಹಾಗೆಯೇ ಉಳಿಯುತ್ತದೆ. ಅಷ್ಟೇ ಅಲ್ಲ, ಹನ್ನೊಂದಕ್ಕೆ ಹಾಕಿದ ತೇಪೆಯನ್ನು ಬಿಚ್ಚಿ ನೋಡಿದ ಕಿಡಿಗೇಡಿಗಳಿಗೆ ಹತ್ತರಲ್ಲಿ ಕಿಂಡಿ ಎಲ್ಲಿರಬಹುದೆಂಬ ಸುಳಿವು ಪುಕ್ಕಟೆಯಾಗಿ ಸಿಗುತ್ತದೆ. ಹಳೆಯ ಎಕ್ಸ್‌ಪಿಗೆ 2014ರ ಏಪ್ರಿಲ್ 8ರಂದು, ವಿಂಡೋಸ್ 7ಕ್ಕೆ 2020ರ ಜನವರಿ 14ರಂದು ಆದದ್ದೂ ಇದೇ. ಆಗಲೂ ನಮ್ಮ ಕಡೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ, ನಾನೂ ಕೆಡಿಸಿಕೊಳ್ಳಲಿಲ್ಲ. ಆದರೆ ಆಗ ನಮ್ಮ ಬ್ಯಾಂಕ್ ಖಾತೆ, ಆಧಾರ್, ವಿದ್ಯಾರ್ಥಿವೇತನದ ಅರ್ಜಿ, ಬೆಳೆವಿಮೆ ಇವೆಲ್ಲ ಇಂದಿನಷ್ಟು ಆ ಪರದೆಯ ಮೇಲೆ ಬಂದಿರಲಿಲ್ಲ.

ಅಪ್‌ಡೇಟ್ ಎಂದರೆ ಕಿರಿಕಿರಿ ಎಂದೇ ನಮ್ಮಲ್ಲಿ ಬಹಳ ಜನ ಭಾವಿಸಿದ್ದಾರೆ. ತುರ್ತಾಗಿ ಹಾಲ್ ಟಿಕೆಟ್ ತೆಗೆಯಬೇಕಾದಾಗಲೇ ಅದು ನೀಲಿ ಪರದೆ ತೋರಿಸಿ ಕೂರುತ್ತದೆ ಎಂಬುದು ಸುಳ್ಳಲ್ಲ. ಆದರೆ 2017ರ ಮೇ 12ರಂದು ವಾನ್ನಾಕ್ರೈ ಎಂಬ ಕುತಂತ್ರಾಂಶ ಒಂದೇ ದಿನದಲ್ಲಿ ಜಗತ್ತಿನ ಹತ್ತಾರು ದೇಶಗಳ ಕಂಪ್ಯೂಟರುಗಳ ಕಡತಗಳಿಗೆ ಬೀಗ ಜಡಿದು ಹಣ ಕೇಳಿದ್ದನ್ನು, ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳು ರೋಗಿಗಳನ್ನು ವಾಪಸ್ ಕಳಿಸಬೇಕಾಗಿ ಬಂದದ್ದನ್ನು ನೆನೆಯಬೇಕು. ಅದು ನುಗ್ಗಿದ ಕಿಂಡಿಯನ್ನು ಮುಚ್ಚುವ ಅಪ್‌ಡೇಟ್ ಅದೇ ವರ್ಷದ ಮಾರ್ಚ್ 14ರಂದೇ, ಅಂದರೆ ಸುಮಾರು ಎರಡು ತಿಂಗಳ ಮುಂಚೆಯೇ ಬಂದಿತ್ತು. ಹಾಕಿಕೊಂಡವರು ಪಾರಾದರು. ಮುಂದೆ ನೋಡೋಣ ಎಂದವರ ಕಡತಗಳು ಹೋದವು.

ಹಾಗಿದ್ದರೆ ಎಲ್ಲರೂ ಹನ್ನೊಂದಕ್ಕೆ ಹೋಗಿಬಿಡಬಹುದಲ್ಲ ಎಂದರೆ, ಅಲ್ಲಿ ಯಂತ್ರದ ಹಂಗು ಬರುತ್ತದೆ. 2021ರ ಅಕ್ಟೋಬರ್ 5ರಂದು ಬಂದ ವಿಂಡೋಸ್ 11, ಕಾಗದದ ಮೇಲೆ 4 ಜಿಬಿ ರ್‍ಯಾಮ್ ಮತ್ತು 64 ಜಿಬಿ ಜಾಗ ಸಾಕೆನ್ನುತ್ತದೆ. (4 ಜಿಬಿಯಲ್ಲಿ ಅದನ್ನು ನಡೆಸುವವರ ತಾಳ್ಮೆಗೆ ನಾನು ಕೈ ಮುಗಿಯುತ್ತೇನೆ, ಎಂಟಾದರೂ ಬೇಕು.) ಅದರ ನಿಜವಾದ ಪಟ್ಟು ಬೇರೆ ಎರಡು ವಿಷಯಗಳಲ್ಲಿದೆ. ಟಿಪಿಎಂ 2.0 ಎಂಬ, ಗುಪ್ತ ಕೀಲಿಗಳನ್ನು ಪ್ರತ್ಯೇಕವಾಗಿ ಕಾದಿಡುವ ಏರ್ಪಾಟು ಯಂತ್ರದಲ್ಲಿರಬೇಕು. ಯಂತ್ರದ ಮೆದುಳಾದ ಪ್ರೊಸೆಸರ್ ಮೈಕ್ರೋಸಾಫ್ಟ್ ಮಾಡಿದ ಪಟ್ಟಿಯಲ್ಲಿರಬೇಕು. ಇಂಟೆಲ್ ಆದರೆ, ಬೆರಳೆಣಿಕೆಯ ಅಪವಾದ ಬಿಟ್ಟು, ಎಂಟನೆಯ ತಲೆಮಾರು ಮತ್ತು ಅದರ ಮುಂದಿನದು ಎಂದು ತಿಳಿದರೆ ಸಾಕು. ತಲೆಮಾರು ತಿಳಿಯಲು ಯಾರನ್ನೂ ಕೇಳಬೇಕಾಗಿಲ್ಲ. ‘ಸೆಟ್ಟಿಂಗ್ಸ್’ನ ‘ಸಿಸ್ಟಂ’ ಭಾಗದಲ್ಲಿ ‘ಅಬೌಟ್’ ತೆರೆದರೆ ಐ5-6200ಯು ಅಥವಾ ಐ5-8250ಯು ಎಂದು ಬರೆದಿರುತ್ತದೆ. ಅಡ್ಡಗೆರೆಯ ನಂತರದ ಮೊದಲ ಅಂಕಿ 6 ಆದರೆ ಆರನೆಯ ತಲೆಮಾರು, 8 ಆದರೆ ಎಂಟನೆಯದು, 10210 ಎಂದಿದ್ದರೆ ಹತ್ತನೆಯದು. ನೇಕಾರರ ಮಗಳ ಲ್ಯಾಪ್‌ಟಾಪಿನಲ್ಲಿದ್ದದ್ದು 6200. ಅಂಗಡಿಯವರು ಹೇಳಿದ ಮೊದಲ ಮಾತು ಸತ್ಯವೇ. ಎರಡನೆಯ ಮಾತು ಮಾತ್ರ ವ್ಯಾಪಾರ.

ಇದರ ತದ್ವಿರುದ್ಧವೂ ನಡೆಯುತ್ತಿದೆ. ಮುಧೋಳದ ಗಿರಾಕಿಯೊಬ್ಬರ ಎಂಟನೆಯ ತಲೆಮಾರಿನ ಒಳ್ಳೆಯ ಯಂತ್ರವನ್ನು ಟಿಪಿಎಂ ಇಲ್ಲ ಎಂದು ತಳ್ಳಿಹಾಕಿದ್ದರು. ಅದು ಇತ್ತು, ಯಂತ್ರ ಚಾಲೂ ಆಗುವಾಗ ವಿಂಡೋಸಿಗಿಂತ ಮೊದಲು ಓಡುವ ಬಯೋಸ್‌ನಲ್ಲಿ ಆಫ್ ಆಗಿತ್ತು ಅಷ್ಟೆ. ವಿಂಡೋಸ್ ಬಟನ್ ಮತ್ತು ಆರ್ ಅಕ್ಷರ ಕೂಡಿಸಿ ಒತ್ತಿ, ಬಂದ ಚೌಕದಲ್ಲಿ ‘ಟಿಪಿಎಂ ಡಾಟ್ ಎಂಎಸ್‌ಸಿ’ ಎಂದು ಇಂಗ್ಲಿಷಿನಲ್ಲಿ ಹೊಡೆದರೆ ಇದೆಯೋ ಇಲ್ಲವೋ ತೋರಿಸುತ್ತದೆ. ಇಲ್ಲ ಎಂದರೂ ಬಯೋಸ್ ಒಳಗೆ ಒಮ್ಮೆ ಇಣುಕಿ ನೋಡದೆ ನಂಬಬಾರದು. ಇಂಟೆಲ್ ಯಂತ್ರಗಳಲ್ಲಿ ಅದು ಪಿಟಿಟಿ ಎಂಬ ಹೆಸರಿನಲ್ಲಿ ಅವಿತುಕೊಂಡಿರುತ್ತದೆ. ವಿಂಡೋಸ್ 10 ಜೊತೆಗೇ ಬಂದ, ಅರ್ಹತೆಯುಳ್ಳ ಯಂತ್ರಕ್ಕೆ ಹನ್ನೊಂದು ಪುಕ್ಕಟೆ. ಅದಕ್ಕೆ ಐದು ನೂರು ಕೊಡುವುದಾದರೆ ಕೂಲಿಗೆ ಕೊಡಬಹುದು, ವಿಂಡೋಸಿಗಾಗಿ ಅಲ್ಲ.

ಆ ಐದು ನೂರರ ಬಗ್ಗೆ ಸ್ವಲ್ಪ ಹೇಳಬೇಕು. ಅರ್ಹತೆಯಿಲ್ಲದ ಯಂತ್ರಕ್ಕೂ ತಪಾಸಣೆ ತಪ್ಪಿಸಿ ಹನ್ನೊಂದನ್ನು ತುರುಕುವ ದಾರಿಗಳಿವೆ. ಹಾಗೆ ಹಾಕಿದ ಯಂತ್ರಗಳಿಗೆ ಅಪ್‌ಡೇಟ್ ಬರುತ್ತದೆಂಬ ಭರವಸೆ ಇಲ್ಲವೆಂದು ಕಂಪನಿ ಸ್ಪಷ್ಟವಾಗಿ ಹೇಳಿದೆ. ಅಂದರೆ ಯಾವ ಕಾರಣಕ್ಕೆ ಹತ್ತನ್ನು ಬಿಟ್ಟೆವೋ ಆ ಕಾರಣವೇ ಹನ್ನೊಂದರಲ್ಲೂ ಬೆನ್ನಿಗೆ ಬರುತ್ತದೆ. ಅದಕ್ಕಿಂತ ಕೆಟ್ಟದ್ದನ್ನು ನಾನು ಒಂದು ಲ್ಯಾಪ್‌ಟಾಪಿನಲ್ಲಿ ಕಣ್ಣಾರೆ ಕಂಡೆ. ಲೈಸೆನ್ಸ್ ಇಲ್ಲದ ವಿಂಡೋಸನ್ನು ಅಸಲಿಯಂತೆ ತೋರಿಸಲು ಕ್ರ್ಯಾಕ್ ಓಡಿಸಿದ್ದರು, ಆ ಕ್ರ್ಯಾಕ್ ಓಡಲು ಡಿಫೆಂಡರ್ ಎಂಬ ಕಾವಲು ವ್ಯವಸ್ಥೆಯನ್ನು ಆಫ್ ಮಾಡಿದ್ದರು, ಮತ್ತೆ ಆನ್ ಮಾಡಿರಲಿಲ್ಲ. ಹೊಸ ಬಾಗಿಲು ಕೂಡಿಸಿಕೊಡುತ್ತೇನೆಂದು ಬಂದ ಬಡಿಗ ಅಗುಳಿಯನ್ನು ಕಿತ್ತುಕೊಂಡು ಹೋದ ಹಾಗೆ. ಮಾಲೀಕರು ಅದೇ ಯಂತ್ರದಲ್ಲಿ ಮೂರು ತಿಂಗಳಿಂದ ಬ್ಯಾಂಕ್ ವ್ಯವಹಾರ ಮಾಡುತ್ತಿದ್ದರು.

ಹಾಗಾದರೆ ಅರ್ಹತೆಯಿಲ್ಲದ ಯಂತ್ರದ ಗತಿಯೇನು? ಹತ್ತರಲ್ಲೇ ಇರಬೇಕೆನ್ನುವವರಿಗೆ ಕಂಪನಿ ಒಂದು ವರ್ಷದ ವಿಸ್ತರಣೆ ಘೋಷಿಸಿದ್ದು, ನೋಂದಾಯಿಸಿಕೊಂಡವರಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಬರುತ್ತದೆ. ಅದಕ್ಕೆ ವಿಂಡೋಸ್ 10ರ ಕೊನೆಯ ಆವೃತ್ತಿಯಾದ 22ಎಚ್2 ಇರಬೇಕು, ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಬೇಕು. 30 ಡಾಲರ್ ಕೊಟ್ಟು ಕೊಳ್ಳುವ ದಾರಿಯ ಜೊತೆಗೆ, ನಮ್ಮ ಸೆಟ್ಟಿಂಗ್‌ಗಳನ್ನು ಅವರ ಕ್ಲೌಡ್‌ನಲ್ಲಿ ಬ್ಯಾಕಪ್ ಇಡಲು ಒಪ್ಪಿದರೆ ಹಣವಿಲ್ಲದೆ ಪಡೆಯುವ ದಾರಿಯೂ ಇದೆ. ಇದು ಔಷಧವಲ್ಲ, ಗಡುವು. ಆದರೆ ಕೊನೆಯ ವರ್ಷದ ಪದವಿಯಲ್ಲಿರುವವಳಿಗೆ ಗಡುವೇ ಬೇಕಾದದ್ದು. ಪರೀಕ್ಷೆ ಮುಗಿದು, ಕೆಲಸ ಯಾವ ಬಗೆಯದೆಂದು ತಿಳಿದ ಮೇಲೆ ಅದಕ್ಕೆ ತಕ್ಕ ಯಂತ್ರ ಕೊಂಡರಾಯಿತು. ಆಕೆಗೆ ನಾನು ಹೇಳಿದ್ದೂ ಅದನ್ನೇ, ಮತ್ತು ನೋಂದಣಿಯನ್ನು ಅಲ್ಲೇ ಕೌಂಟರ್ ಮೇಲೆ ಕೂತು ಆಕೆಯಿಂದಲೇ ಮಾಡಿಸಿದೆ.

ಆದರೆ ಆಕೆಯ ನಿಜವಾದ ದೂರು ಅದಾಗಿರಲಿಲ್ಲ. “ಕಾಕಾ, ಚಾಲೂ ಆಗೂದರಾಗ ಚಹಾ ಕುಡದ ಬರ್ಬಹುದ್ರಿ” ಎಂದಳು. ಹಿಂಬದಿಯ ಹನ್ನೊಂದು ಸ್ಕ್ರೂ ತೆಗೆದು ತಟ್ಟೆಯಲ್ಲಿ ಇಟ್ಟು ಮುಚ್ಚಳ ಎತ್ತಿದೆವು. ಫ್ಯಾನಿನ ರೆಕ್ಕೆಗಳಿಗೆ ಮಗ್ಗದ ಮನೆಯ ನೂಲಿನ ನವಿರು ಎಳೆಗಳು ಸುತ್ತಿ ಬೂದು ಬಣ್ಣದ ಒಂದು ಸಣ್ಣ ಗಾದಿಯೇ ಆಗಿತ್ತು; ಚಿಮಟದಿಂದ ಹಿಡಿದೆಳೆದರೆ ಬತ್ತಿಯಂತೆ ಇಡಿಯಾಗಿ ಬಂತು. ಒಳಗಿದ್ದದ್ದು ತಿರುಗುವ ಹಳೆಯ ಹಾರ್ಡ್‌ಡಿಸ್ಕ್. ಅದನ್ನು ತೆಗೆದು, ತಿರುಗುವ ಭಾಗವಿಲ್ಲದ ವೇಗದ ಎಸ್‌ಎಸ್‌ಡಿ ಕೂಡಿಸಿ, ರ್‍ಯಾಮನ್ನು ನಾಲ್ಕರಿಂದ ಎಂಟಕ್ಕೆ ಏರಿಸಿ, ಹತ್ತನ್ನೇ ಹೊಸದಾಗಿ ಹಾಕಿದ ಮೇಲೆ ಯಂತ್ರ ಚಾಲೂ ಆಗಲು ಅರ್ಧ ನಿಮಿಷವೂ ಬೇಕಾಗಲಿಲ್ಲ. ಮಾಡಿದ ಖರ್ಚು ಹೊಸ ಲ್ಯಾಪ್‌ಟಾಪಿನ ಬೆಲೆಯ ಎದುರು ಲೆಕ್ಕಕ್ಕೇ ಇಲ್ಲದಷ್ಟು. ನಮ್ಮ ಜನ ನಿಧಾನವನ್ನೆಲ್ಲ ವಿಂಡೋಸಿನ ತಲೆಗೆ ಕಟ್ಟುತ್ತಾರೆ. ಹತ್ತು ಸಲದಲ್ಲಿ ಏಳು ಸಲ ತಪ್ಪು ಆ ಡಿಸ್ಕಿನದು ಎಂಬುದು ನನ್ನ ಅನುಭವ.

ಇಂಥ ಯಂತ್ರಕ್ಕೆ ಗಡುವಿನ ನಂತರವೂ ಬಾಳಿದೆ. ವಿಂಡೋಸಿನ ಬದಲಿಗೆ ಲಿನಕ್ಸ್ ಎಂಬ ಉಚಿತ ವ್ಯವಸ್ಥೆಯ ಬಗೆಗಳಾದ ಮಿಂಟ್ 22 ಅಥವಾ ಉಬುಂಟು 24.04 ಹಾಕಿದರೆ 2029ರವರೆಗೆ ಅಪ್‌ಡೇಟ್ ಬರುತ್ತದೆ, ಹಣ ಕೊಡಬೇಕಾಗಿಲ್ಲ, ಕ್ರ್ಯಾಕಿನ ಮಾತೇ ಇಲ್ಲ. ಕೇರಳದ ಸರ್ಕಾರಿ ಶಾಲೆಗಳಲ್ಲಿ ವರ್ಷಗಳಿಂದ ಲಿನಕ್ಸ್ ಮೇಲೆಯೇ ಮಕ್ಕಳಿಗೆ ಕಂಪ್ಯೂಟರ್ ಕಲಿಸುತ್ತಿದ್ದಾರೆ. ಪಾಠದ ವಿಡಿಯೊ, ಆನ್‌ಲೈನ್ ಅರ್ಜಿ, ಇಮೇಲ್, ಲಿಬ್ರೆ ಆಫೀಸಿನಲ್ಲಿ ಪತ್ರ ಮತ್ತು ಲೆಕ್ಕ ಇಷ್ಟಕ್ಕೆ ಅದು ಧಾರಾಳ. ಆದರೆ ಬಿ.ಕಾಂ. ಹುಡುಗಿಗೆ ಟ್ಯಾಲಿ ಬೇಕು, ಟ್ಯಾಲಿ ವಿಂಡೋಸಿಗಾಗಿ ಮಾಡಿದ ಲೆಕ್ಕಪತ್ರದ ತಂತ್ರಾಂಶ. ಹೆಬ್ಬೆಟ್ಟಿನ ಯಂತ್ರ ಇಟ್ಟುಕೊಂಡು ಜನಸೇವಾ ಕೇಂದ್ರ ನಡೆಸುವವರು, ಡಿಜಿಟಲ್ ಸಹಿಯ ಟೋಕನ್ ಚುಚ್ಚಿ ಜಿಎಸ್‌ಟಿ ರಿಟರ್ನ್ ತುಂಬುವವರು ಸಹ ಆ ಸಾಧನಗಳನ್ನು ನಡೆಸುವ ಡ್ರೈವರ್ ತಂತ್ರಾಂಶ ಲಿನಕ್ಸಿಗೆ ಸಿಗುತ್ತದೆಯೇ ನೋಡಿಕೊಂಡೇ ಹೆಜ್ಜೆ ಇಡಬೇಕು. ಅಂಥವರು ಅರ್ಹ ಯಂತ್ರ ಕೊಂಡು ಹನ್ನೊಂದಕ್ಕೆ ಹೋಗುವುದೇ ಸರಿ. ಇನ್ನೊಬ್ಬರ ದುಡ್ಡು, ಇನ್ನೊಬ್ಬರ ಆಧಾರ್ ಮುಟ್ಟುವ ಯಂತ್ರದಲ್ಲಿ ಉಳಿತಾಯದ ಲೆಕ್ಕ ಹಾಕಬಾರದು. ಒಂದು ಸಣ್ಣ ಮಾತು: ಹನ್ನೊಂದನ್ನು ಮೊಬೈಲ್ ಹಾಟ್‌ಸ್ಪಾಟ್‌ನಿಂದ ಇಳಿಸಲು ಹೋಗಬೇಡಿ, ಅದು ಐದಾರು ಜಿಬಿ ನುಂಗುತ್ತದೆ, ದಿನದ ಒಂದೂವರೆ ಜಿಬಿ ಪ್ಯಾಕ್ ಮಧ್ಯದಲ್ಲೇ ಕೈಕೊಡುತ್ತದೆ. ಬ್ಯಾಟರಿ ಸತ್ತ ಲ್ಯಾಪ್‌ಟಾಪಿಗೆ ಕರೆಂಟು ಹೋಗುವ ಹೊತ್ತಿನಲ್ಲಿ ಹಾಕಲೂಬೇಡಿ.

ಇಷ್ಟರಲ್ಲೇ ಮುಗಿದಿದ್ದರೆ ನಾನು ಪತ್ರಿಕೆಗೆ ಬರೆಯುತ್ತಿರಲಿಲ್ಲ. ಹಳೆಯ ವಿಂಡೋಸನ್ನು ಬಿಡಲು ಒಪ್ಪದ ನಮ್ಮ ಊರಿನ ಅಂಗಡಿ, ಮುದ್ರಣಾಲಯ, ಸಂಘ, ಶಾಲೆಗಳ ಜೊತೆ ಮಾತನಾಡಿದರೆ, ಅವರಲ್ಲಿ ಬಹುಮಂದಿಯ ಕಾರಣ ಪ್ರೊಸೆಸರೂ ಅಲ್ಲ, ಹಣವೂ ಅಲ್ಲ. ಅವರ ಕನ್ನಡ ಕಡತಗಳು.

ನೇಕಾರರ ಮಗಳ ಲ್ಯಾಪ್‌ಟಾಪಿಗೆ ಹೊಸದಾಗಿ ವಿಂಡೋಸ್ ಹಾಕಿ, ಆಕೆಯ ಹಳೆಯ ಕಡತಗಳನ್ನು ತಂದು ತೆರೆದ ಕ್ಷಣದಲ್ಲಿ ಆಕೆ ಕೂಗಿಕೊಂಡಳು. ಇಳಕಲ್ ಸೀರೆಯ ಮಾರುಕಟ್ಟೆಯ ಮೇಲೆ ಆಕೆ ಬರೆದಿದ್ದ ನಲವತ್ತು ಪುಟದ ಪ್ರಾಜೆಕ್ಟಿನಲ್ಲಿ ಕನ್ನಡದ ಒಂದು ಅಕ್ಷರವೂ ಇರಲಿಲ್ಲ. ಪುಟದ ತುಂಬ ತಲೆಯ ಮೇಲೆ ಗೀರು, ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳು, ನಡುನಡುವೆ ಪೌಂಡಿನ ಚಿಹ್ನೆ, ಯೆನ್ನಿನ ಚಿಹ್ನೆ. ಹೊಸ ವಿಂಡೋಸ್ ತನ್ನ ಪ್ರಾಜೆಕ್ಟನ್ನು ತಿಂದುಹಾಕಿತು ಎಂದೇ ಆಕೆ ತಿಳಿದಳು. ಕಡತಕ್ಕೆ ಏನೂ ಆಗಿರಲಿಲ್ಲ. ಅದು ಮೊದಲಿನಿಂದಲೂ ಹಾಗೆಯೇ ಇತ್ತು.

ನುಡಿ, ಬರಹ ಮುಂತಾದ ಕನ್ನಡ ಟೈಪಿಂಗ್ ತಂತ್ರಾಂಶಗಳು ಬಂದ ಕಾಲಕ್ಕೆ ಕಂಪ್ಯೂಟರಿನ ಒಳಗೆ ಕನ್ನಡಕ್ಕೆಂದು ಬಳಕೆಯಲ್ಲಿದ್ದ ಜಾಗ ಇರಲಿಲ್ಲ. ಆದ್ದರಿಂದ ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗಗಳಲ್ಲೇ ಕನ್ನಡದ ತಲೆಕಟ್ಟು, ಕೊಂಬು, ಒತ್ತಕ್ಷರಗಳ ತುಂಡುಗಳನ್ನು ಇಟ್ಟು ಫಾಂಟ್ ಮಾಡಿದರು. ಕಡತದಲ್ಲಿ ಉಳಿಯುವುದು ಇಂಗ್ಲಿಷಿನ ಸಂಕೇತಗಳೇ. ಫಾಂಟ್ ಎಂಬ ಮುಖವಾಡ ಇರುವ ತನಕ ಅದು ಕನ್ನಡವಾಗಿ ಕಾಣುತ್ತದೆ, ಮುಖವಾಡ ಇಲ್ಲದ ಯಂತ್ರದಲ್ಲಿ ಬಣ್ಣ ಬಯಲಾಗುತ್ತದೆ. ಆ ಹೊತ್ತಿಗೆ ಅದು ದೊಡ್ಡ ಉಪಕಾರವೇ ಆಗಿತ್ತು, ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸದಿಂದಲೇ ನನ್ನ ಬೆರಳುಗಳು ಇಂದಿಗೂ ಅನ್ನ ತಿನ್ನುತ್ತಿವೆ. ಆದರೆ ಎಲ್ಲ ಲಿಪಿಗಳ ಅಕ್ಷರಗಳಿಗೂ ತಮ್ಮದೇ ಸಂಕೇತ ಕೊಡುವ ಯೂನಿಕೋಡ್‌ನ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ವಂತ ಜಾಗ ಸಿಕ್ಕಿತ್ತು, 2001ರ ವಿಂಡೋಸ್ ಎಕ್ಸ್‌ಪಿಯಲ್ಲೇ ಯೂನಿಕೋಡ್ ಕನ್ನಡ ಬಂದಿತ್ತು. ಎಕ್ಸ್‌ಪಿ ಹೋಗಿ, ಏಳು ಹೋಗಿ, ಹತ್ತೂ ಹೋಗುತ್ತಿರುವ ಈ ಹೊತ್ತಿನಲ್ಲಿ ನಾವಿನ್ನೂ ಮುಖವಾಡದ ಕಡತಗಳನ್ನೇ ಹೊಸದಾಗಿ ಮಾಡುತ್ತಿದ್ದೇವೆ.

ಇದರಲ್ಲಿ ನನ್ನ ಕಸುಬಿನವರ ಪಾಲು ದೊಡ್ಡದು. 2001ರಲ್ಲಿ ಬಂದ, ಪುಟ ಜೋಡಿಸುವ ತಂತ್ರಾಂಶವಾದ ಪೇಜ್‌ಮೇಕರ್ 7ರಲ್ಲಿ ಇಂದಿಗೂ ಲಗ್ನಪತ್ರಿಕೆ ಕೂಡಿಸುವ ಅಂಗಡಿಗಳು ಜಮಖಂಡಿಯಿಂದ ವಿಜಯಪುರದವರೆಗೆ ಎಷ್ಟೋ ಇವೆ. ಅದಕ್ಕೆ ಯೂನಿಕೋಡ್ ಗೊತ್ತಿಲ್ಲ. ಗೊತ್ತಿರುವುದು ಹಳೆಯ ಫಾಂಟ್ ಮಾತ್ರ. ಫಾಂಟ್ ಬಿಡಲಾರದ್ದಕ್ಕೆ ಪೇಜ್‌ಮೇಕರ್, ಪೇಜ್‌ಮೇಕರ್ ಬಿಡಲಾರದ್ದಕ್ಕೆ ಹಳೆಯ ವಿಂಡೋಸ್, ಹಳೆಯ ವಿಂಡೋಸ್ ಬಿಡಲಾರದ್ದಕ್ಕೆ ಹಳೆಯ ಯಂತ್ರ ಎಂದು ಸರಪಳಿ ಬೆಳೆಯುತ್ತದೆ. ಇನ್ನೊಂದು ಪಾಲು ಕಚೇರಿಗಳದು. ಹೆಸರು ಹೇಳುವುದು ಬೇಡ, ನಮ್ಮ ಭಾಗದ ಒಂದು ಕಚೇರಿಗೆ ಸಂಘವೊಂದರ ವರದಿಯನ್ನು ಯೂನಿಕೋಡ್‌ನಲ್ಲಿ ಮಾಡಿಕೊಟ್ಟಾಗ, ನಮ್ಮ ಸಿಸ್ಟಂನಲ್ಲಿ ಹಳೆಯ ಫಾಂಟೇ ಇರುವುದು, ಅದರಲ್ಲೇ ಟೈಪ್ ಮಾಡಿಸಿ ತನ್ನಿ ಎಂದು ವಾಪಸ್ ಕಳಿಸಿದರು. ಮೊಬೈಲಿನಲ್ಲಿ ತೆರೆದು ತೋರಿಸಿದೆ, ಅದೇ ಕಡತ ಅಲ್ಲಿ ಮುತ್ತಿನಂತೆ ಕಾಣುತ್ತಿತ್ತು. ಆದರೂ ಎರಡು ದಿನ ಕೂತು ಮತ್ತೆ ಹಳೆಯದಕ್ಕೆ ಇಳಿಸಿಕೊಟ್ಟೆ. ಹೊಸ ವ್ಯವಸ್ಥೆಗೆ ಹೋಗಿ ಎಂದು ಗಿರಾಕಿಗೆ ಹೇಳುವ ನಾನೇ ಆ ಎರಡು ದಿನ ಮಾಡಿದ ಕೆಲಸ ಹಿಂದಕ್ಕೆ ನಡೆಯುವುದಾಗಿತ್ತು.

ಪರಿವರ್ತಿಸುವುದು ಅಸಾಧ್ಯವೇನಲ್ಲ. ಹಳೆಯ ಫಾಂಟಿನಿಂದ ಯೂನಿಕೋಡಿಗೆ ತರುವ ಉಚಿತ ಪರಿವರ್ತಕಗಳಿವೆ. ನೇಕಾರರ ಮಗಳ ನಲವತ್ತು ಪುಟವನ್ನು ಅಂಟಿಸಿ ತೆಗೆಯಲು ಹತ್ತು ನಿಮಿಷ ಸಾಕಾಯಿತು. ತಿದ್ದಲು ಅರ್ಧ ದಿನ ಹಿಡಿಯಿತು. ಅರ್ಕಾವೊತ್ತು ಎರಡು ಮೂರು ಕಡೆ ಜಾಗ ತಪ್ಪಿ ಪಕ್ಕದ ಅಕ್ಷರದ ಮೇಲೆ ಹೋಗಿ ಕೂತಿತ್ತು, ನಡುವೆ ಬಂದ ಇಂಗ್ಲಿಷ್ ಪದಗಳು ಕನ್ನಡದ ಅರ್ಥಹೀನ ಒತ್ತುಗಳಾಗಿದ್ದವು, ಕೋಷ್ಟಕಗಳು ಕಲಸಿಹೋಗಿದ್ದವು. ಕುಣಿಮಗ್ಗದ ಬಗ್ಗೆ ಬರೆದ ಪ್ಯಾರಾ ಒಂದರಲ್ಲಿ ಸಾಲು ಸಾಲು ಕಣ್ಣಿಟ್ಟು ಓದಿದ ಆಕೆಯ ತಂದೆಯೇ ನಾವಿಬ್ಬರೂ ಬಿಟ್ಟಿದ್ದ ತಪ್ಪೊಂದನ್ನು ಹಿಡಿದರು. ನಲವತ್ತು ಪುಟಕ್ಕೆ ಅರ್ಧ ದಿನವಾದರೆ, ಇಪ್ಪತ್ತು ವರ್ಷದ ಠರಾವು ಪುಸ್ತಕಗಳಿರುವ ಸಂಘಕ್ಕೆ ಎಷ್ಟು ದಿನ ಎಂಬ ಲೆಕ್ಕವನ್ನು ಅವರವರೇ ಹಾಕಿಕೊಳ್ಳಬೇಕು. ಮತ್ತು ಅದನ್ನು ಹಳೆಯ ಯಂತ್ರ ಇನ್ನೂ ಚಾಲೂ ಇರುವಾಗಲೇ ಹಾಕಿಕೊಳ್ಳಬೇಕು. ವಿಂಡೋಸ್ ಬದಲಿಸುವ ಮುಂಚೆ ಕಡತಗಳ ಜೊತೆಗೆ ಆ ಹಳೆಯ ಫಾಂಟುಗಳನ್ನೂ ಒಂದು ಪೆನ್‌ಡ್ರೈವಿನಲ್ಲಿ ತೆಗೆದಿಡಿ ಎಂದು ನನ್ನ ಗಿರಾಕಿಗಳಿಗೆ ಈಗ ಮೊದಲೇ ಹೇಳುತ್ತಿದ್ದೇನೆ.

ತಮ್ಮ ಪತ್ರಿಕೆಯ ಮೂಲಕ ಬಾಗಲಕೋಟೆ, ವಿಜಯಪುರ, ಬೆಳಗಾವಿ ಜಿಲ್ಲೆಗಳ ಕಚೇರಿ ಮತ್ತು ಕಾಲೇಜುಗಳಿಗೆ ನನ್ನ ಮನವಿ ಇಷ್ಟು. ಜನರಿಂದ ಕಡತ ಕೇಳುವಾಗ ಯೂನಿಕೋಡ್‌ನಲ್ಲೇ ಕೊಡಿ ಎಂದು ಕೇಳಲಿ. ಕಡೇಪಕ್ಷ ಯೂನಿಕೋಡ್‌ನಲ್ಲಿ ಕೊಟ್ಟದ್ದನ್ನು ವಾಪಸ್ ಕಳಿಸದಿರಲಿ. ನುಡಿಯಲ್ಲೇ ಟೈಪ್ ಮಾಡಿ ರೂಢಿಯಿದ್ದವರು ಬೆರಳಿನ ಅಭ್ಯಾಸ ಬದಲಿಸಬೇಕಾಗಿಲ್ಲ, ಅದರಲ್ಲೇ ಯೂನಿಕೋಡ್ ಆಯ್ಕೆ ಇದೆ. ಹೊಸಬರಿಗೆ 2019ರಿಂದ ವಿಂಡೋಸ್ 10ರಲ್ಲೇ ಕನ್ನಡದ ಫೋನೆಟಿಕ್ ಕೀಲಿಮಣೆ ಬಂದಿದೆ, ಲಿನಕ್ಸಿನಲ್ಲಿ ಕೆಜಿಪಿ ಎಂಬ, ನುಡಿಯ ಕೀಲಿಮಣೆ ವಿನ್ಯಾಸವೂ ಸಿಗುತ್ತದೆ. ಕಾಲೇಜುಗಳು ಪ್ರಾಜೆಕ್ಟಿನ ನಿಯಮಗಳಲ್ಲಿ ಅಕ್ಷರದ ಗಾತ್ರ, ಅಂಚು, ಸಾಲಿನ ಅಂತರ ಎಲ್ಲವನ್ನೂ ಬರೆಯುತ್ತವೆ. ಯೂನಿಕೋಡ್ ಎಂಬ ಒಂದು ಪದವನ್ನೂ ಸೇರಿಸಿದರೆ ಮುಂದಿನ ವರ್ಷದ ಮಕ್ಕಳ ಅರ್ಧ ದಿನ ಉಳಿಯುತ್ತದೆ.

ನನ್ನ ಅಂಗಡಿಯಲ್ಲಿಯೂ ಪೇಜ್‌ಮೇಕರ್ ಇರುವ ಹಳೆಯ ಯಂತ್ರ ಒಂದಿದೆ, ವಿಂಡೋಸ್ 7ರದು. ಅದನ್ನು ಬಿಡಲು ನನಗಿನ್ನೂ ಆಗಿಲ್ಲ; ಹದಿನೈದು ವರ್ಷದ ಲಗ್ನಪತ್ರಿಕೆಗಳ ನಮೂನೆಗಳು ಅದರಲ್ಲಿವೆ, ಅಕ್ಕನ ಮದುವೆಯ ಪತ್ರಿಕೆ ಮಾಡಿಸಿದ ಮನೆಯವರು ತಂಗಿಯದಕ್ಕೂ ಅದೇ ಬೇಕೆನ್ನುತ್ತಾರೆ. ನಾನು ಮಾಡಿರುವುದಿಷ್ಟೆ: ಅದರ ನೆಟ್ ವೈರನ್ನು ಕಿತ್ತು ಸುತ್ತಿಟ್ಟು, ಗಿರಾಕಿಗಳ ಪೆನ್‌ಡ್ರೈವನ್ನು ಅದಕ್ಕೆ ಚುಚ್ಚುವುದನ್ನು ನಿಲ್ಲಿಸಿ, ಬಂದ ನಮೂನೆಗಳನ್ನು ದಿನಕ್ಕೆ ಎರಡರಂತೆ ಯೂನಿಕೋಡಿಗೆ ತರುತ್ತಿದ್ದೇನೆ. ಈ ಪತ್ರ ಬರೆಯುವ ಹೊತ್ತಿಗೆ ನೂರಾ ಹನ್ನೆರಡು ಆಗಿವೆ.

ಇಂತಿ ತಮ್ಮ ಓದುಗ,
ಡಿಟಿಪಿ ಅಂಗಡಿಯವ, ಜಮಖಂಡಿ